ತಿರುಗಿಸಿಟ್ಟ ಬಾಗಿಲು

ಬಾಗಿಲು ಅವಳದು. ಒರೆಸುವ ಬಟ್ಟೆ ನಿಲ್ದಾಣದ್ದು. ಬಾಗಿಲನ್ನು ಅವಳು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ.

ಹೊಸ ರೈಲು ನಿಲ್ದಾಣದ ಟಿಕೆಟ್ ಹಜಾರದಲ್ಲಿ, ಉದ್ದ ಗೋಡೆಗೆ, ಮೂವತ್ತೆರಡು ಹಳೆಯ ಬಾಗಿಲುಗಳನ್ನು ಸಾಲಾಗಿ ಬಿಗಿದಿದ್ದರು. ಮೇಲೆ ಹಿತ್ತಾಳೆ ಅಕ್ಷರದಲ್ಲಿ ‘ನೆನಪಿನ ಬಾಗಿಲುಗಳು’ ಎಂದು ಬರೆದಿತ್ತು. ಅದರ ಕೆಳಗೆ ಕಲಾವಿದನ ಹೆಸರು. ಅದರ ಕೆಳಗೆ, ‘ಹಳೆಯ ಬಡಾವಣೆಗೆ ಹೊಸ ಜೀವ’. ಆ ಬಡಾವಣೆಯ ಹಳೆಯ ಜೀವ ತೆಗೆದವರು ಯಾರು ಅಂತ ಬರೆಯುವಷ್ಟರಲ್ಲಿ ಹಿತ್ತಾಳೆ ಮುಗಿದುಹೋಗಿತ್ತೋ ಏನೋ.

ಎಡಗಡೆಯಿಂದ ಒಂಬತ್ತನೆಯ ಬಾಗಿಲು ಅವಳದು. ಅವಳ ಗಂಡ ಬಡಗಿ. ಮದುವೆಯಾದ ಹೊಸದರಲ್ಲಿ, ಬೇರೆಯವರ ಮನೆ ಕಟ್ಟುವಾಗ ಉಳಿದ ತುಂಡು ಹಲಗೆಗಳನ್ನು ಕೂಡಿಹಾಕಿ ಮಾಡಿದ್ದ. ಏಳು ಹಲಗೆ, ಏಳು ಬಣ್ಣ. ಇಬ್ಬರು ಎತ್ತಬೇಕು, ಅಷ್ಟು ಭಾರ. ಕೂತವರ ತಲೆಯ ಎತ್ತರಕ್ಕೆ ಅದರಲ್ಲೊಂದು ಕಪ್ಪು ಕಲೆ ಇತ್ತು. ಇಪ್ಪತ್ತು ವರ್ಷ ಅವಳು ಅಕ್ಕಿ ಆರಿಸುತ್ತ, ಗಂಡನಿಗೆ ಕಾಯುತ್ತ, ಆ ಬಾಗಿಲಿಗೆ ತಲೆ ಕೊಟ್ಟು ಕೂತು ಆದ ಎಣ್ಣೆ ಕಲೆ. ಈಗ ಆ ಕಲೆಯ ಮೇಲೆ ವಾರ್ನಿಶ್ ಬಳಿದಿದ್ದರು. ತನ್ನ ತಲೆಯ ಕೊಳೆಯನ್ನು ತಾನೇ ದಿನಾ ಬೆಳಗ್ಗೆ ಒರೆಸಿ ಮಿಂಚಿಸುವ ಭಾಗ್ಯ ಅವಳದು.

ಆರು ಗಂಟೆಗೆ ಪಾಳಿ. ಮೊದಲು ನೆಲ. ನೂರಾ ಎಂಬತ್ತು ಹೆಜ್ಜೆ ಉದ್ದ, ಒದ್ದೆ ಬಟ್ಟೆಯ ಕೋಲು ಹಿಡಿದು ಹೋಗುವುದು, ಬರುವುದು. ಆಮೇಲೆ ಶೌಚಾಲಯ. ಜನ ಹಾಕುವುದನ್ನೆಲ್ಲ ಹಾಕಿರುತ್ತಾರೆ, ನೀರು ಮಾತ್ರ ಹಾಕಿರುವುದಿಲ್ಲ. ಅದು ಮುಗಿದ ಮೇಲೆ ಕೈ ತೊಳೆದು, ಬಿಳಿ ಕೈಗವಸು ಹಾಕಿ, ಒಣ ಹತ್ತಿಬಟ್ಟೆಯಲ್ಲಿ ಬಾಗಿಲುಗಳು. ನೀರು ತಾಗಿಸಬಾರದು. ಒತ್ತಬಾರದು. ಉಸಿರು ಬಿಡಬಾರದು ಎಂದೊಂದು ಹೇಳಿರಲಿಲ್ಲ.

ಒಂದು ದಿನ ಬಾಗಿಲಿನಲ್ಲಿ ಸಿಬಿರು ಎದ್ದಿತ್ತು. ಅವಳು ಗವಸು ತೆಗೆದು ಉಗುರಿನಿಂದ ಅದನ್ನು ಒತ್ತಿದಳು. ಸ್ವಂತ ಮನೆಯ ಬಾಗಿಲಿನ ಸಿಬಿರು, ಕೈ ತಾನಾಗೇ ಹೋಯಿತು. ಹಿಂದಿನಿಂದ ಮೇಲ್ವಿಚಾರಕ ಕೂಗಿದ.

“ಏಯ್! ಎಷ್ಟು ಸಲ ಹೇಳ್ಬೇಕು ನಿಂಗೆ? ಕಲಾಕೃತಿ ಅದು. ನಿಮ್ಮಪ್ಪನ ಮನೆ ಬಾಗಿಲಲ್ಲ!”

“ನಮ್ಮಪ್ಪಂದಲ್ಲ ಸರ್. ನನ್ನ ಗಂಡಂದು.”

ಟಿಕೆಟ್ ಸಾಲಿನಲ್ಲಿ ನಿಂತ ಯಾರೋ ನಕ್ಕರು. ಮೇಲ್ವಿಚಾರಕನಿಗೆ ನಗು ಬರಲಿಲ್ಲ. ಅವತ್ತು ಮೂವತ್ತೆರಡು ಬಾಗಿಲುಗಳನ್ನೂ ಮತ್ತೆ ಮೊದಲಿನಿಂದ ಒರೆಸಿಸಿದ. ಅವಳು ಒರೆಸಿದಳು. ಮೂವತ್ತೆರಡು ಸಲ ಏಣಿ ಹತ್ತಿದಳು, ಇಳಿದಳು. ಕೆಲಸ ಬಿಡುವ ಹಾಗಿರಲಿಲ್ಲ. ಅವಳು ಈ ಕೆಲಸಕ್ಕೆ ಸೇರಿದ್ದೇ ಆ ಬಾಗಿಲಿನ ಮೇಲೆ ಕಣ್ಣಿಡುವುದಕ್ಕೆ. ಬಾಗಿಲಿನ ಬೆನ್ನಿಗೆ, ಗೋಡೆಯ ಕಡೆಗೆ, ಯಾರಿಗೂ ಕಾಣದ ಹಾಗೆ, ಅವಳ ಮನೆ ಇತ್ತು.

ಅದು ಹೇಗೆ ಅಂತ ಹೇಳಬೇಕು.

ನಿಲ್ದಾಣ ಬರುತ್ತದೆ ಅಂತ ಗೊತ್ತಾದ ವರ್ಷ, ಓಣಿಗೆ ಸರ್ವೆಯವರು ಬಂದರು. ಕೈಯಲ್ಲಿ ನೀಲಿ ಬಣ್ಣದ ಡಬ್ಬಿ, ಬ್ರಶ್ಶು. ಮನೆ ಮನೆಯ ಬಾಗಿಲಿಗೂ ನಂಬರು ಬರೆದರು. ಅವಳ ಮನೆಗೆ ನೂರಾ ಹದಿನೇಳು ಬಂತು. ಬರೆದವನು ಬ್ರಶ್ಶು ಝಾಡಿಸಿ ಹೇಳಿದ. “ಈ ನಂಬರಿದ್ರೆ ನಿಮಗೆ ಹೊಸ ಮನೆ. ಅಳಿಸಿಹೋದ್ರೆ ನಮ್ಮನ್ನ ಕೇಳ್ಬೇಡಿ. ಕಣ್ಣಲ್ಲಿ ಕಣ್ಣಿಟ್ಟು ಕಾಪಾಡ್ಕೊಳ್ಳಿ.”

ಇದ್ದವರಿಗೆ ಹೀಗೆ ಹೇಳಿದರೆ ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡುತ್ತಾರೆ. ಇಲ್ಲದವರು ಅಕ್ಷರಕ್ಕೆ ಅಕ್ಷರ ಪಾಲಿಸುತ್ತಾರೆ. ಓಣಿ ಇಕ್ಕಟ್ಟು. ಕೈಗಾಡಿ ಬಾಗಿಲಿಗೆ ಉಜ್ಜಿಕೊಂಡೇ ಹೋಗಬೇಕು. ಮಳೆ ಬಂದರೆ ಚರಂಡಿ ನೀರು ಮೊಣಕಾಲಿನವರೆಗೆ ಹಾರುತ್ತಿತ್ತು. ತಿಂಗಳು ತುಂಬುವುದರೊಳಗೆ ಪಕ್ಕದ ಇಸ್ತ್ರಿಯವನ ಬಾಗಿಲಿನಲ್ಲಿ ನೂರಾ ಹದಿನೆಂಟರ ಎಂಟು ಮಸುಕಾಯಿತು. ಬಡಗಿ ಒಂದು ಭಾನುವಾರ ಕೂತು ತನ್ನ ಬಾಗಿಲನ್ನೇ ನೋಡಿದ. ನೋಡಿ ನೋಡಿ ಎದ್ದ.

“ಕಣ್ಣಲ್ಲಿಟ್ಟು ಕಾಪಾಡಿ ಅಂದ್ರಲ್ಲ. ಬೀದೀಲಿಟ್ಟು ಕಾಪಾಡೋಕಾಗುತ್ತಾ? ಒಳಗಿಟ್ಕೋಬೇಕು.”

ಬಾಗಿಲು ಬಿಚ್ಚಿದ. ಹೊರಗಿನ ಮೈಯನ್ನು ಒಳಕ್ಕೆ ಮಾಡಿದ. ಕೀಲು ಬದಲಿಸಿದ, ಅಗುಳಿ ಬದಲಿಸಿದ. ಹಳೆಯ ತೂತುಗಳಿಗೆ ಗರಗಸದ ಹುಡಿ, ಅಂಟು ಕಲಸಿ ತುಂಬಿದ. ಬಟ್ಟೆ ನೇತುಹಾಕುವ ಮೊಳೆಗಳು ಬೀದಿಗೆ ಬಂದವು. ನಂಬರು ಒಳಗೆ ಬಂತು. ಮಲಗಿದರೆ ಎದುರಿಗೇ ಕಾಣುತ್ತಿತ್ತು. ಓಣಿಯವರು ಮೂಗಿನ ಮೇಲೆ ಬೆರಳಿಟ್ಟರು. ಬಡಗಿ ಅಂಗಿ ಉಲ್ಟಾ ಹಾಕೊಂಡ ಹಾಗೆ ಬಾಗಿಲು ಉಲ್ಟಾ ಹಾಕೊಂಡಿದಾನೆ ಅಂತ ನಕ್ಕರು. ನಕ್ಕವರಲ್ಲಿ ಇಸ್ತ್ರಿಯವನೇ ಮೊದಲು. ಮಾರನೆಯ ಭಾನುವಾರ ಅವನೇ ಬಂದು, “ನಮ್ಮದೂ ಒಂಚೂರು ತಿರುಗಿಸಿಕೊಡಪ್ಪ” ಅಂದ. ಹಾಗೆ ಒಬ್ಬರನ್ನು ನೋಡಿ ಒಬ್ಬರು. ಒಟ್ಟು ಹನ್ನೊಂದು ಬಾಗಿಲು ತಿರುಗಿದವು. ಬಡಗಿ ಸುಮ್ಮನೆ ಮಾಡಿಕೊಟ್ಟ. ಹೆಮ್ಮೆಯಿಂದ ಮಾಡಿಕೊಟ್ಟ.

ಆರು ತಿಂಗಳ ಮೇಲೆ ತಪಾಸಣೆಯವರು ಕ್ಯಾಮೆರಾ ಹಿಡಿದು ಬಂದರು. ಬಂದಿದ್ದು ಕೆಲಸದ ದಿನ, ನಡುಮಧ್ಯಾಹ್ನ. ಓಣಿಯಲ್ಲಿ ಎಲ್ಲ ಬಾಗಿಲಿಗೂ ಬೀಗ. ನಂಬರು ಕಂಡ ಬಾಗಿಲಿನ ಫೋಟೊ ತೆಗೆದುಕೊಂಡರು. ಕಾಣದ ಹನ್ನೊಂದಕ್ಕೆ ಬರೆದರು: ‘ಸಂಖ್ಯೆ ಇಲ್ಲ. ನಂತರ ಬಂದು ಸೇರಿಕೊಂಡವರು.’ ಪಟ್ಟಿ ಅಂಟಿಸಿದ ದಿನ ಇಸ್ತ್ರಿಯವನು ಬಡಗಿಯ ಹೊಸ್ತಿಲ ಮುಂದೆ ಉಗಿದ. “ಕೋತಿ ತಾನು ಕೆಟ್ಟಿದ್ದಲ್ದೆ ವನಾನೂ ಕೆಡಿಸ್ತಂತೆ” ಅಂದ. ಬಡಗಿ ಒಳಗೆ ಹೋಗಿ ಹತಾರದ ಚೀಲದ ಬಾಯಿ ಕಟ್ಟಿದ. ಅದಾದ ಮೇಲೆ ಬಿಚ್ಚಲಿಲ್ಲ. ಮರದಲ್ಲಿ ಹೂ ಕೆತ್ತುತ್ತಿದ್ದ ಕೈ ಈಗ ಗೋದಾಮಿನಲ್ಲಿ ಮೂಟೆ ಹೊರುತ್ತಿತ್ತು.

ಹನ್ನೊಂದು ಮನೆಯವರೂ ಆಫೀಸಿಗೆ ಓಡಿದ್ದರು. ನಂಬರು ಒಳಗಿದೆ, ಬಂದು ನೋಡಿ ಅಂದಿದ್ದರು. ಬರ್ತೀವಿ ಅಂದರು. ಒಂಬತ್ತು ದಿನಕ್ಕೆ ಬಂದೇಬಂತು, ಮನೆ ಕೆಡವುವ ಯಂತ್ರ.

ಯಂತ್ರಕ್ಕಿಂತ ಮೊದಲು ಕಲಾವಿದ ಬಂದಿದ್ದ. ಗಡ್ಡ ಬಿಟ್ಟವನು, ಮೆತ್ತಗೆ ಮಾತಾಡುವವನು, ಒಳ್ಳೆಯವನು. ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದು ಕಳಿಸಬಹುದಿತ್ತು. ಓಣಿಯಲ್ಲಿ ಅಡ್ಡಾಡಿ ಬಾಗಿಲುಗಳನ್ನು ಆರಿಸಿದ. ಮೊಳೆ ಹೊರಗಿದ್ದ ಹನ್ನೊಂದನ್ನೂ ಬಿಡದೆ ಆರಿಸಿದ. ಅವಳು ಕೈಮುಗಿದು ಹೇಳಿದಳು.

“ಇದರ ಹಿಂದೆ ನಂಬರಿದೆ ಸ್ವಾಮಿ. ಅದೇ ನಮ್ಮ ಕಾಗದ, ಅದೇ ಪತ್ರ. ಬೇರೆ ಏನೂ ಇಲ್ಲ.”

“ಯೋಚನೆ ಮಾಡ್ಬೇಡಿ ಅಮ್ಮ. ನಿಮ್ಮ ಮನೆಗಿಂತ ನನ್ನ ಹತ್ರ ಜೋಪಾನವಾಗಿರುತ್ತೆ.”

ಸುಳ್ಳು ಹೇಳಲಿಲ್ಲ. ನಾಲ್ಕು ಜನ ಬಂದು ಬಾಗಿಲನ್ನು ಹೂವಿನ ಹಾಗೆ ಬಿಚ್ಚಿಕೊಂಡರು. ಕಂಬಳಿ ಸುತ್ತಿದರು. ಮೂಲೆ ತಾಗದ ಹಾಗೆ ರಟ್ಟು ಕಟ್ಟಿದರು. ಯಂತ್ರ ಅಷ್ಟು ಹೊತ್ತೂ ಗುಡುಗುಟ್ಟುತ್ತ ಕಾದಿತ್ತು. ಬಾಗಿಲುಗಳೆಲ್ಲ ಲಾರಿ ಹತ್ತಿದ ಮೇಲೆ ಜನಕ್ಕೆ ಅರ್ಧ ಗಂಟೆ ಕೊಟ್ಟರು. ಮಕ್ಕಳಿಗೆ ಯಾರೂ ಕಂಬಳಿ ಸುತ್ತಲಿಲ್ಲ. ಅವಳ ಅಟ್ಟದ ಮೇಲೆ ಎರಡು ಪಾತ್ರೆ, ಮಗಳ ಶಾಲೆಯ ಪುಸ್ತಕ ಉಳಿದೇಹೋದವು. ಆ ಹುಡುಗಿ ಈಗ ಶಾಲೆ ಬಿಟ್ಟು ಬಟ್ಟೆ ಅಂಗಡಿಯಲ್ಲಿ ಮಡಿಕೆ ಹಾಕುತ್ತಿದ್ದಾಳೆ. ಶಾಲೆಗೆ ಎರಡು ಬಸ್ಸು ಬದಲಿಸಬೇಕಾದ ಕಡೆ, ತಗಡಿನ ಕೋಣೆಗಳ ಸಾಲಿನಲ್ಲಿ, ಅವರು ಹೋಗಿ ಬಿದ್ದಿದ್ದರು.

ನಿಲ್ದಾಣ ಎದ್ದಿತು. ಗೋಡೆಗೆ ಬಾಗಿಲು ಬಂದವು. ತಿರುಗಿದ ಹನ್ನೊಂದರಲ್ಲಿ ನೋಡುವವರ ಕಡೆಗೆ ಮೊಳೆಯ ಮೈ, ಗೋಡೆಯ ಕಡೆಗೆ ನಂಬರಿನ ಮೈ. ಅವಳು ಪುನರ್ವಸತಿ ಆಫೀಸಿಗೆ ಹೋದಳು. ಅಲ್ಲಿನ ಅಧಿಕಾರಿ ಕನ್ನಡಕದ ಮೇಲಿಂದ ನೋಡುವ ಮನುಷ್ಯ.

“ನಂಬರು ತೋರಿಸಮ್ಮ, ಅರ್ಜಿ ತಗೋತೀನಿ. ಇಲ್ಲಾಂದ್ರೆ ಫೋಟೊ ತಂದ್ಕೊಡು.”

“ಫೋಟೊ ತೆಗೆದಿಟ್ಟಿಲ್ಲ ಸರ್. ನಂಬರು ಬಾಗಿಲ ಹಿಂದಿದೆ. ಬಾಗಿಲು ಗೋಡೆಗಿದೆ.”

“ಹಾಗಾದ್ರೆ ಇಳಿಸಿ ತೋರಿಸು.”

ನಿಲ್ದಾಣದ ಕಚೇರಿಗೆ ಹೋದಳು. “ಕಲಾಕೃತಿ ಮುಟ್ಟೋ ಹಾಗಿಲ್ಲ. ಐದು ವರ್ಷದ ಒಪ್ಪಂದ ಇದೆ. ಪುನರ್ವಸತಿಯಿಂದ ಪತ್ರ ತನ್ನಿ.” ಮತ್ತೆ ಅಧಿಕಾರಿಯ ಮೇಜು. “ನಾವು ಪತ್ರ ಕೊಡ್ಬೇಕಂದ್ರೆ ನೀನು ಅಲ್ಲಿಯ ನಿವಾಸಿ ಅಂತ ಆಗ್ಬೇಕು. ಆಗ್ಬೇಕಂದ್ರೆ ನಂಬರು ಬೇಕು. ನೋಡೋಣ, ಮಾಡೋಣ.” ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ಮೂರು ಸಲ ಹೋದಳು. ಮೂರು ಸಲವೂ ಅರ್ಧ ದಿನದ ಪಾಳಿ ಕಳೆದುಕೊಂಡಳು. ಮೂರನೆಯ ಸಲ ಆತ ಗೋಡೆಯ ಕ್ಯಾಲೆಂಡರಿಗೆ ಬೆರಳು ತೋರಿಸಿದ. ಹತ್ತೊಂಬತ್ತನೇ ತಾರೀಕು ಕೊನೆ. ಆಮೇಲೆ ಪಟ್ಟಿ ಮುಚ್ಚುತ್ತದೆ. ನಂಬರು ಸಿಕ್ಕರೂ ಅಷ್ಟೆ, ಸಿಗದಿದ್ದರೂ ಅಷ್ಟೆ.

ಅದೇ ಹತ್ತೊಂಬತ್ತನೇ ತಾರೀಕು ನಿಲ್ದಾಣಕ್ಕೆ ಪ್ರಶಸ್ತಿ ಬಂತು.

ಊರಿನಲ್ಲೇ ಚೆಂದದ ನಿಲ್ದಾಣ ಎಂಬ ಪ್ರಶಸ್ತಿ. ಹಿಂದಿನ ದಿನ ಮೇಲ್ವಿಚಾರಕ ಅವಳನ್ನು ಕರೆದ. ಅವತ್ತು ಅವನ ದನಿಯಲ್ಲಿ ಬೆಲ್ಲ ಇತ್ತು.

“ನೀನು ಇಲ್ಲಿಯ ಮೂಲ ನಿವಾಸಿ ಅಲ್ವಾ? ನಾಳೆ ಹನ್ನೊಂದಕ್ಕೆ ದೊಡ್ಡವರು ಬರ್ತಾರೆ. ನಿನ್ನ ಬಾಗಿಲ ಪಕ್ಕ ನಿಂತ್ಕೋ. ಚಿಲಕದ ಮೇಲೆ ಕೈ ಇಟ್ಟು ನಗ್ಬೇಕು. ಹಳೇ ಓಣಿಯವರನ್ನ ಇನ್ನಿಬ್ಬರನ್ನ ಕರೆಸಿದೀವಿ.”

“ಕೈಗವಸು ಹಾಕ್ಕೊಂಡಾ ಸರ್?”

“ಫೋಟೊದಲ್ಲಿ ಗವಸು ಚೆನ್ನಾಗಿರಲ್ಲ. ಬರಿಗೈಯಲ್ಲೇ ಇಡು.”

“ಮುಟ್ಟಬಹುದು ಹಾಗಾದ್ರೆ?”

“ನಾಳೆ ಒಂದು ದಿನ.”

ಬೆಳಗ್ಗೆ ಹೊರಡುವ ಮೊದಲು ಅವಳು ಗೂಟದಿಂದ ಹತಾರದ ಚೀಲ ಇಳಿಸಿದಳು. ಗಂಟು ಬಿಗಿದುಹೋಗಿತ್ತು. ಹಲ್ಲಿನಿಂದ ಎಳೆದಳು. ಬಡಗಿ ಚಾಪೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ನೋಡಿದ. ಅವಳು ಒಂದು ಸ್ಕ್ರೂಡ್ರೈವರ್ ತೆಗೆದಳು.

“ಅದಲ್ಲ,” ಅಂದ ಬಡಗಿ. “ಸ್ಟಾರ್ ತಲೆಯದ್ದು ತಗೋ. ಚಪ್ಪಟೆಯದ್ದು ಜಾರುತ್ತೆ.”

ಒಂದೂವರೆ ವರ್ಷದಲ್ಲಿ ಅವನು ಹತಾರದ ಬಗ್ಗೆ ಆಡಿದ ಮೊದಲ ಮಾತು ಅದು. ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಆರು ಗಂಟೆಯ ಪಾಳಿ.

“ಕೆಲಸ ಹೋಗುತ್ತೆ,” ಅಂದಳು.

“ಹೋಗುತ್ತೆ,” ಅಂದ. ಲೋಟ ಕೆಳಗಿಟ್ಟ. “ಮೇಲಿನ ಎರಡು ಮೊದಲು ಬಿಚ್ಚಬೇಡ. ಮೈಮೇಲೆ ಬೀಳುತ್ತೆ. ಕೆಳಗಿನದು ಮೊದಲು.”

ಹನ್ನೊಂದಕ್ಕೆ ಹಜಾರ ತುಂಬಿತು. ಹಗ್ಗ ಕಟ್ಟಿ ಪ್ರಯಾಣಿಕರನ್ನು ಒಂದು ಕಡೆಗೆ ನೂಕಿದ್ದರು. ಹಗ್ಗದ ಆ ಕಡೆಯಿಂದ ಅವರು ಇಣುಕುತ್ತಿದ್ದರು. ಈ ಕಡೆ ಸೋಫಾ ಕುರ್ಚಿಗಳು. ಮೊದಲ ಸಾಲಿನಲ್ಲಿ, ಎದೆಗೆ ಹೂವು ಚುಚ್ಚಿಕೊಂಡು, ಪುನರ್ವಸತಿಯ ಅಧಿಕಾರಿ. ಅವನೂ ದೊಡ್ಡವರಲ್ಲಿ ಒಬ್ಬ. ಅವನು ಅವಳ ಮುಖ ನೋಡಿದ. ಗುರುತು ಹಿಡಿಯಲಿಲ್ಲ. ಮೂರು ಸಲ ಅವನ ಮೇಜಿನ ಮುಂದೆ ನಿಂತ ಮುಖ.

ಹತ್ತನೆಯ ಬಾಗಿಲ ಪಕ್ಕ ಇಸ್ತ್ರಿಯವನು ನಿಂತಿದ್ದ. ಅಂಗಿ ಗರಿಗರಿ. ಓಣಿ ಹೋದ ಮೇಲೆ ಪೆಟ್ಟಿಗೆ ಇಡುವುದಕ್ಕೆ ಜಾಗ ಸಿಗದೆ ಬೀದಿ ಬೀದಿ ಅಲೆಯುತ್ತಿದ್ದಾನೆ ಎಂದು ಅವಳು ಕೇಳಿದ್ದಳು. ಅವಳನ್ನು ಕಂಡು ಅವನು ಮುಖ ತಿರುಗಿಸಿದ. ಆಚೆ ಒಬ್ಬ ಮುದುಕಿ, ಹಳೆಯ ಓಣಿಯ ತುದಿಮನೆಯವಳು, ಅವಳದೂ ತಿರುಗಿದ ಬಾಗಿಲೇ.

ಕಲಾವಿದ ಮೈಕು ಹಿಡಿದ. ಬಡಾವಣೆಯ ಆತ್ಮ ಅಂದ. ನೆನಪು ಅಂದ. ಆಮೇಲೆ ಅವಳ ಬಾಗಿಲಿನ ಹತ್ತಿರ ಬಂದು ಮೊಳೆ ಮುಟ್ಟಿ ತೋರಿಸಿದ.

“ಇದನ್ನ ಗಮನಿಸಿ. ಬಟ್ಟೆ ನೇತುಹಾಕೋ ಮೊಳೆಗಳನ್ನ ಇವರು ಬಾಗಿಲ ಹೊರಗೆ ಹೊಡೆದಿದ್ದಾರೆ. ಈ ಒಂದೇ ಓಣಿಯಲ್ಲಿ ಹನ್ನೊಂದು ಮನೆಯವರು. ಒಳಗು ಹೊರಗು ಎಂಬ ಭೇದವೇ ಇಲ್ಲದ ಬದುಕು. ಮುಚ್ಚಿಡೋಕೆ ಏನೂ ಇಲ್ಲದ ಜನ.”

ಚಪ್ಪಾಳೆ ಬಿತ್ತು. ಅಧಿಕಾರಿಯೂ ತಟ್ಟಿದ.

ಮುಚ್ಚಿಡೋಕೆ ಏನೂ ಇಲ್ಲವಂತೆ! ಮುಚ್ಚಿಟ್ಟಿದ್ದಕ್ಕೇ ಮನೆ ಹೋಯಿತು. ಇದ್ದ ಒಂದು ನಂಬರನ್ನು ಕೂಸಿನ ಹಾಗೆ ಒಳಗಿಟ್ಟುಕೊಂಡದ್ದಕ್ಕೇ ಬೀದಿಗೆ ಬಿದ್ದರು.

“ಅದು ಒಳಗಡೆ ಸ್ವಾಮಿ,” ಅಂದಳು.

ಕಲಾವಿದ ನಗುತ್ತ ತಿರುಗಿದ. “ಏನಮ್ಮ?”

“ನೀವು ಮುಟ್ಟಿದ್ದು ಒಳಗಿನ ಮೈ. ಹೊರಗಿಂದು ಗೋಡೆ ಕಡೆಗಿದೆ.”

ಅವನಿಗೆ ಅರ್ಥವಾಗಲಿಲ್ಲ. ಫೋಟೊದವನು ಮುಂದೆ ಬಂದು, “ಅಮ್ಮ, ಚಿಲಕದ ಮೇಲೆ ಕೈ, ಸ್ವಲ್ಪ ನಗು” ಅಂದ. ಅವಳು ಸಮವಸ್ತ್ರದ ಜೇಬಿಗೆ ಕೈ ಹಾಕಿ ಸ್ಕ್ರೂಡ್ರೈವರ್ ತೆಗೆದಳು. ಕೂತಳು. ಕೆಳಗಿನ ಎಡಗಡೆಯ ತಿರುಪಿಗೆ ಕೊಟ್ಟಳು.

ತಿರುಪು ವಾರ್ನಿಶ್ ಕುಡಿದು ಕಲ್ಲಾಗಿತ್ತು. ಮೊದಲ ಸುತ್ತಿಗೆ ಅಂಗೈ ಚರ್ಮ ಸುಲಿಯಿತು. ಶೌಚಾಲಯದ ಆಸಿಡ್ಡು ಮೊದಲೇ ತಿಂದಿದ್ದ ಅಂಗೈ. ಎರಡೂ ಕೈ ಹಿಡಿದು, ಮೈಭಾರ ಹಾಕಿ, ಹಲ್ಲು ಕಚ್ಚಿದಳು. ಕಿರ್ ಅಂತು. ತಿರುಗಿತು. ಸಭೆಯಲ್ಲಿದ್ದವರು ಇದೂ ಕಾರ್ಯಕ್ರಮದ ಭಾಗ ಅಂದುಕೊಂಡು ನೋಡುತ್ತಿದ್ದರು. ಕಲಾವಿದರ ಕಾರ್ಯಕ್ರಮದಲ್ಲಿ ಹೀಗೆಲ್ಲ ಇರುತ್ತದೆ. ಎರಡನೆಯ ತಿರುಪು ನೆಲಕ್ಕೆ ಬಿದ್ದು ಉರುಳಿದಾಗ ಮೇಲ್ವಿಚಾರಕನಿಗೆ ಹೊಳೆಯಿತು.

“ಏಯ್, ಏನ್ ಮಾಡ್ತಿದೀಯ? ತಲೆ ಕೆಟ್ಟಿದೆಯಾ?” ಓಡಿಬಂದು ಮಣಿಕಟ್ಟು ಹಿಡಿದ.

“ಕೈ ಬಿಡಿ ಸರ್.”

“ಕೆಲಸದಿಂದ ಕಿತ್ತಾಕ್ತೀನಿ!”

“ಕಿತ್ತಾಕಿ. ಮೊದಲು ಇದನ್ನ ಕೀಳ್ತೀನಿ. ಕೈ ಬಿಡಿ.”

ಹಗ್ಗದ ಆಚೆಯಿಂದ ಯಾರೋ ಕೂಗಿದರು, “ಹೆಂಗಸಿನ ಕೈ ಯಾಕ್ರೀ ಹಿಡೀತೀರ?” ಹತ್ತು ಹದಿನೈದು ಫೋನುಗಳು ಎದ್ದವು. ಮೇಲ್ವಿಚಾರಕ ಕೈ ಬಿಟ್ಟ. ಅವಳು ಏಣಿ ಎಳೆದುಕೊಂಡಳು. ದಿನಾ ಹತ್ತಿ ಇಳಿಯುವ ಏಣಿ. ಮೂರನೆಯದು ಸಡಿಲಾಯಿತು. ನಾಲ್ಕನೆಯದು ಅರ್ಧ ಬರುವಷ್ಟರಲ್ಲಿ ಬಾಗಿಲು ವಾಲಿತು. ಏಳು ಹಲಗೆಯ ಭಾರ ಅವಳ ಹೆಗಲಿಗೆ ಬಂತು. ಏಣಿ ಅಲುಗಿತು. ಬಿದ್ದರೆ ಸೊಂಟ ಮುರಿಯುವುದು ಖಂಡಿತ.

ಭಾರ ಇದ್ದಕ್ಕಿದ್ದ ಹಾಗೆ ಹಗುರಾಯಿತು. ಕೆಳಗೆ ಇಸ್ತ್ರಿಯವನು ಬೆನ್ನು ಕೊಟ್ಟು ನಿಂತಿದ್ದ. ಕುತ್ತಿಗೆಯ ನರ ಉಬ್ಬಿತ್ತು. ಗರಿಗರಿ ಅಂಗಿ ಮುದ್ದೆಯಾಗಿತ್ತು.

“ಹಿಡ್ಕೊಂಡಿದೀನಿ ತಂಗಿ. ಬಿಚ್ಚು.”

ಬಿಚ್ಚಿದಳು. ಇಬ್ಬರೂ ಬಾಗಿಲನ್ನು ಇಳಿಸಿ, ತಿರುಗಿಸಿ, ಎದುರಿನ ಕಂಬಕ್ಕೆ ಆನಿಸಿದರು.

ನೂರಾ ಹದಿನೇಳು. ಬಿಸಿಲು ತಾಗಿಲ್ಲ, ನೀರು ತಾಗಿಲ್ಲ, ಕೈಗಾಡಿ ಉಜ್ಜಿಲ್ಲ. ನೀಲಿ ಬಣ್ಣ ನಿನ್ನೆ ಬಳಿದ ಹಾಗಿತ್ತು. ಏಳರ ಕಾಲಿನಿಂದ ಒಂದು ಹನಿ ಜಾರಿ ಒಣಗಿದ್ದು ಕೂಡ ಹಾಗೇ ಇತ್ತು. ಬಡಗಿ ಹೇಳಿದ್ದು ಸರಿ. ಆ ಓಣಿಯಲ್ಲಿ ಅವನು ತಿರುಗಿಸಿದ ಬಾಗಿಲುಗಳಷ್ಟು ಸರಿಯಾಗಿ ಸರ್ಕಾರದ ಮಾತನ್ನು ಯಾರೂ ಕಾಪಾಡಿರಲಿಲ್ಲ.

ಅವಳು ಜೇಬಿನಲ್ಲಿದ್ದ ಪ್ಲಾಸ್ಟಿಕ್ ಕವರಿನಿಂದ ಅರ್ಜಿ ತೆಗೆದು ಮೊದಲ ಸಾಲಿಗೆ ನಡೆದಳು. ಅಧಿಕಾರಿಯ ಮುಂದೆ ನಿಂತಳು.

“ನಂಬರು ತೋರಿಸು ಅಂದಿದ್ರಿ. ನೋಡಿ.”

ಅಧಿಕಾರಿ ಅಕ್ಕಪಕ್ಕ ನೋಡಿದ. “ಇದು ಜಾಗ ಅಲ್ಲಮ್ಮ. ನಾಳೆ ಆಫೀಸಿಗೆ ಬಾ.”

“ಇವತ್ತು ಕೊನೇ ದಿನ. ನೀವೇ ಬೆರಳು ತೋರಿಸಿದ್ರಿ.”

“ನಂಬರು ಬಾಗಿಲಿನ ಮೇಲಿದೆ. ಸರಿ. ಬಾಗಿಲು ಮನೆಯಲ್ಲಿತ್ತು ಅನ್ನೋದಕ್ಕೆ ಏನು ಸಾಕ್ಷಿ? ಸ್ಥಳದಲ್ಲಿ ನೋಡ್ಬೇಕಾಗುತ್ತೆ.”

ಅವಳು ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. ನಾಚಿಕೆ ಇದೆಯೋ ಅಂತ ಹುಡುಕಿದಳು. ಆಮೇಲೆ ಅವನ ಬೂಟಿನ ಕಡೆ ಕೈ ತೋರಿಸಿದಳು.

“ಸ್ಥಳ ಬೇಕಾ? ನೀವು ಕಾಲಿಟ್ಟಿದೀರಲ್ಲ, ಅದೇ. ಆ ಕಂಬದಿಂದ ಈ ಕಂಬಕ್ಕೆ ನಮ್ಮ ಓಣಿ. ಈ ಸೋಫಾ ಇರೋ ಕಡೆ ನಮ್ಮ ಒಲೆ ಇತ್ತು. ನನ್ನ ಒಲೆ ಮೇಲೆ ಕೂತ್ಕೊಂಡು ಮನೆ ಎಲ್ಲಿತ್ತು ಅಂತ ಕೇಳ್ತೀರಲ್ಲ ಸರ್! ನಿಮ್ಮ ಆಫೀಸಿನ ಪಟ್ಟೀಲಿ ನಾನು ಆಮೇಲೆ ಬಂದು ಸೇರ್ಕೊಂಡವಳು. ಇಲ್ಲಿ ಫೋಟೊಗೆ ನಾನು ಮೂಲ ನಿವಾಸಿ. ಯಾವುದು ನಿಜ, ಈಗಲೇ ಹೇಳಿ. ಮೈಕಿದೆ, ಮೈಕಲ್ಲಿ ಹೇಳಿ.”

ಒಂದು ರೈಲು ಬಂತು, ಹೋಯಿತು. ಹತ್ತಬೇಕಾದವರು ಹತ್ತಲಿಲ್ಲ. ಹಗ್ಗ ಸಡಿಲಾಗಿ ಕೆಳಗೆ ಬಿದ್ದಿತ್ತು. ಜನ ಸೋಫಾಗಳವರೆಗೆ ಬಂದಿದ್ದರು. ಕಲಾವಿದ ನೂರಾ ಹದಿನೇಳರ ಮುಂದೆ ನಿಂತಿದ್ದ. ಗೋಡೆಯಲ್ಲಿ ಖಾಲಿ ಚೌಕ, ನಾಲ್ಕು ತೂತು.

“ನನಗೆ ಗೊತ್ತಿರಲಿಲ್ಲ ಅಮ್ಮ,” ಅಂದ.

“ನಾನು ಹೇಳಿದ್ದೆ. ನಿಮಗೆ ಮೊಳೆ ಚೆಂದ ಕಂಡಿತ್ತು.”

ಅವನು ತಲೆ ತಗ್ಗಿಸಿದ. ತಗ್ಗಿಸಲಿ. ಅದರಿಂದ ಯಾರಿಗೂ ಸೂರು ಬರುವುದಿಲ್ಲ.

ಅಧಿಕಾರಿ ಎದ್ದು ನಿಂತ. ಮುಂದೆ ಹೋಗಲು ದಾರಿ ಇರಲಿಲ್ಲ. ದಾರಿ ಬಿಡಿ ಅಂದ. ಯಾರೂ ಬಿಡಲಿಲ್ಲ. ಯಾರೂ ಅವನನ್ನು ಮುಟ್ಟಲೂ ಇಲ್ಲ. ಸುಮ್ಮನೆ ನಿಂತಿದ್ದರು, ಫೋನು ಹಿಡಿದು. ಅವನ ಹಣೆಯಲ್ಲಿ ಬೆವರು ಮೂಡಿತು. ಎದೆಯ ಹೂವು ಓರೆಯಾಗಿತ್ತು. ಕೊನೆಗೆ ಜೇಬಿನಿಂದ ಪೆನ್ನು ತೆಗೆದು ಅರ್ಜಿ ಕಸಿದುಕೊಂಡ.

“ಏನಂತ ಬರೀಬೇಕು?”

“ಕಂಡಿದ್ದನ್ನ ಬರೀರಿ. ಗಟ್ಟಿಯಾಗಿ ಓದ್ತಾ ಬರೀರಿ.”

ಅವನು ಬರೆದ. ಹತ್ತೊಂಬತ್ತನೇ ತಾರೀಕು, ಸಂಖ್ಯೆ ನೂರಾ ಹದಿನೇಳು, ಖುದ್ದಾಗಿ ಕಂಡಿದ್ದೇನೆ, ಅರ್ಜಿ ಸ್ವೀಕರಿಸಿದೆ. ಓದುವಾಗ ಅವನ ದನಿ ಇಲಿಯ ಹಾಗಿತ್ತು. ಸಹಿ ಹಾಕಿದ. ಅವಳು ಸಹಿಯ ಫೋಟೊ ತೆಗೆಯಿರಿ ಎಂದು ಕಾಗದವನ್ನು ಪಕ್ಕದಲ್ಲಿ ಫೋನು ಹಿಡಿದಿದ್ದ ಹುಡುಗಿಯೊಬ್ಬಳಿಗೆ ಕೊಟ್ಟಳು. ಅವಳಿಗೇನೂ ಭ್ರಮೆ ಇರಲಿಲ್ಲ. ನಾಳೆ ಪೊಲೀಸಿನವರು ಬರಬಹುದು. ಸಾರ್ವಜನಿಕ ಆಸ್ತಿ ಹಾಳುಮಾಡಿದಳು ಅಂತ ಬರೆದುಕೊಳ್ಳಬಹುದು. ಬರಲಿ. ಆಸ್ತಿ ಯಾರದು ಅಂತ ಅಲ್ಲೂ ಕೇಳುತ್ತಾಳೆ.

ಮೇಲ್ವಿಚಾರಕ ಹತ್ತಿರ ಬಂದು ಹಲ್ಲು ಕಡಿಯುತ್ತ ಹೇಳಿದ. “ಕೆಲಸ ಆಯ್ತಲ್ಲ? ಈಗ ಬಾಗಿಲು ಇದ್ದ ಕಡೆ ಹಾಕು. ಆಮೇಲೆ ಸಮವಸ್ತ್ರ ಬಿಚ್ಚಿಟ್ಟು ಹೊರಡು.”

“ಹಾಕಲ್ಲ.”

“ಏನಂದೆ?”

“ಹಾಕಲ್ಲ ಅಂದೆ. ಬಾಗಿಲು ನಂದು. ಮನೆಗೆ ಹೋಗುತ್ತೆ.”

ಅಧಿಕಾರಿ ಕರವಸ್ತ್ರದಿಂದ ಮುಖ ಒರೆಸಿಕೊಂಡು ಗಡಿಯಾರ ನೋಡಿದ. ಹನ್ನೆರಡಾಗುತ್ತಿತ್ತು. ಹೊರಡುವುದಕ್ಕೆ ತಿರುಗಿದ. ಆಗ ಇಸ್ತ್ರಿಯವನು ಹತ್ತನೆಯ ಬಾಗಿಲಿನ ಮುಂದೆ ಏಣಿ ಎಳೆದು ನಿಲ್ಲಿಸಿದ. ತುದಿಮನೆಯ ಮುದುಕಿ ಕೆಳಗೆ ಕೂತು ಏಣಿಯ ಕಾಲು ಹಿಡಿದಳು. ಅವನು ತಿರುಗಿ ಬಡಗಿಯ ಹೆಂಡತಿಯ ಕಡೆ ಕೈ ಚಾಚಿದ. ಇಸ್ತ್ರಿ ಸುಟ್ಟ ಗುರುತುಗಳಿದ್ದ ಕೈ.

ಅವಳು ರಕ್ತ ಮೆತ್ತಿದ ಸ್ಕ್ರೂಡ್ರೈವರನ್ನು ಸಮವಸ್ತ್ರಕ್ಕೆ ಒರೆಸಿ ಅವನ ಅಂಗೈಯಲ್ಲಿಟ್ಟಳು.

“ಕೆಳಗಿನದು ಮೊದಲು ಅಣ್ಣ,” ಅಂದಳು. ಆಮೇಲೆ ಅಧಿಕಾರಿಯ ಕಡೆ ತಿರುಗಿದಳು.

“ಎಲ್ಲಿಗೆ ಸರ್? ಕೂತ್ಕೊಳ್ಳಿ. ಇನ್ನೂ ಹತ್ತು ಬಾಗಿಲಿದೆ.”